ಹತ್ತರಿಂದ ಹನ್ನೊಂದರವರೆಗಿನ ಒಂದು ಗಂಟೆ

ತಂಗಿಯ ಮಗಳೂ ಅವಳ ಗಂಡನೂ ದಾವಣಗೆರೆಯಲ್ಲಿ ಔಷಧಿ ಅಂಗಡಿಗಳ ಬಿಲ್ಲು, ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿ ಮಾರುತ್ತಾರೆ. ಸಾಲವಿಲ್ಲ, ಹೊರಗಿನ ಬಂಡವಾಳದವರ ಹಂಗೂ ಇಲ್ಲ. "ನಮಗೆ ಧೈರ್ಯ ಕೊಟ್ಟಿದ್ದು ಇದೇ ದೊಡ್ಡಮ್ಮ, ಓದಿ ನೋಡು" ಎಂದು ಅವಳು ನನ್ನ ಕೈಗಿಟ್ಟ ಪುಸ್ತಕ 'ರೀವರ್ಕ್'.

2010ರಲ್ಲಿ ಬಂದ ಈ ಪುಸ್ತಕ ಬರೆದವರು ಜೇಸನ್ ಫ್ರೈಡ್ ಮತ್ತು ಡೇವಿಡ್ ಹೈನೆಮೈರ್ ಹ್ಯಾನ್ಸನ್. ಫ್ರೈಡ್ 1999ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಗೆಳೆಯರೊಡನೆ ಆರಂಭಿಸಿದ ಸಂಸ್ಥೆ ಮೊದಲು ವೆಬ್‌ಸೈಟ್ ವಿನ್ಯಾಸ ಮಾಡಿಕೊಡುತ್ತಿತ್ತು. ಆ ಕೆಲಸಗಳನ್ನು ಹದ್ದುಬಸ್ತಿನಲ್ಲಿಡಲು ತಮಗಾಗಿ ಮಾಡಿಕೊಂಡ ಸಾಫ್ಟ್‌ವೇರನ್ನೇ 2004ರಲ್ಲಿ 'ಬೇಸ್‌ಕ್ಯಾಂಪ್' ಎಂಬ ಹೆಸರಿನಲ್ಲಿ ತಿಂಗಳ ಶುಲ್ಕಕ್ಕೆ ಇತರರಿಗೂ ಕೊಟ್ಟರು. ಅದು ಅವರ ಕೈಹಿಡಿಯಿತು.

ಪುಸ್ತಕದ ವಾದ ಸರಳ. ಪರರ ಹಣ ಕಟ್ಟಕಡೆಯ ದಾರಿಯಾಗಿರಲಿ. ಅದು ಬಂದರೆ ಹತೋಟಿ ಹೋಗುತ್ತದೆ. ಗಿರಾಕಿಗಿಂತ ಹಣ ಹಾಕಿದವನ ಮುಖ ನೋಡುವಂತಾಗುತ್ತದೆ. ಸಣ್ಣದಾಗಿ ಆರಂಭಿಸಿ, ಲಾಭವನ್ನು ಮೊದಲಿನಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಸಾಲದ ಆಡಂಬರವನ್ನೇ ಏಳಿಗೆ ಎಂದು ನಂಬಿರುವ ಕಾಲದಲ್ಲಿ ಈ ಮಾತು ಬೇಕಿತ್ತು. 2006ರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಇವರ ಸಂಸ್ಥೆಯಲ್ಲಿ ಸಣ್ಣ ಪಾಲು ಕೊಂಡದ್ದನ್ನು ಕೆಲವರು ಎತ್ತಿ ಆಡುತ್ತಾರೆ. ಆ ಹಣ ಹೋದದ್ದು ಒಡೆಯರ ಕೈಗೆ, ಸಂಸ್ಥೆಯ ಖರ್ಚಿಗಲ್ಲ. ಹಾಗಾಗಿ ನನಗೆ ಅದು ದೊಡ್ಡ ದೋಷವಾಗಿ ಕಾಣಲಿಲ್ಲ.

ನನ್ನ ತಕರಾರು ಬೇರೆ. ಸಮಯವಿಲ್ಲ ಎನ್ನುವುದು ನೆಪ, ಟಿ.ವಿ. ಬಿಡಿ, ರಾತ್ರಿ ಹತ್ತಕ್ಕೆ ಮಲಗುವವರು ಹನ್ನೊಂದಕ್ಕೆ ಮಲಗಿ ಎನ್ನುತ್ತಾರೆ ಲೇಖಕರು. ಓದಿ ನಗು ಬಂತು. ನಮ್ಮ ಮನೆಗಳಲ್ಲಿ ಆ ಒಂದು ಗಂಟೆ ಯಾರದು? ಹಾಲಿಗೆ ಹೆಪ್ಪು ಹಾಕಿ, ಬೆಳಗಿನ ಇಡ್ಲಿಗೆ ರುಬ್ಬಿಟ್ಟು, ಮಗುವಿನ ಯೂನಿಫಾರಂ ಹುಡುಕುವ ಗಂಟೆ ಅದು. ಗಂಡ ನಿಶ್ಚಿಂತೆಯಿಂದ ಕಂಪ್ಯೂಟರಿನ ಮುಂದೆ ಕೂರಲು ಇನ್ನೊಬ್ಬಳು ಅಡುಗೆಮನೆಯಲ್ಲಿ ನಿಂತಿರುತ್ತಾಳೆ. ಈ ಪುಸ್ತಕದಲ್ಲಿ ಆ ಅಡುಗೆಮನೆಯೇ ಇಲ್ಲ.

ನಮ್ಮದೇ ಇನ್ಫೋಸಿಸ್ ಕತೆ ನೋಡಿ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಅದನ್ನು ಆರಂಭಿಸಿದಾಗ ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿ ಎಲ್ಲರಿಗೂ ಗೊತ್ತು. ಅದನ್ನು ಮಂಗಳಸೂತ್ರದಂತೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಆದರೆ ಆ ವರ್ಷಗಳಲ್ಲಿ ಅವರ ನೌಕರಿಯೇ ಮನೆ ನಡೆಸಿತೆಂಬುದನ್ನು ಯಾರೂ ಬಂಡವಾಳವೆಂದು ಎಣಿಸುವುದಿಲ್ಲ. ಗಂಡಹೆಂಡತಿ ಇಬ್ಬರೂ ಸಂಸ್ಥೆಯಲ್ಲಿರುವುದು ಬೇಡವೆಂದಾಗ ಇಂಜಿನಿಯರ್ ಆಗಿದ್ದ ಅವರೇ ಹೊರಗುಳಿದರು. ಅದು ತಪ್ಪಾಯಿತೆಂದು ನಾರಾಯಣ ಮೂರ್ತಿಯವರು ಬಾಯಿಬಿಟ್ಟು ಹೇಳಿದ್ದು 2024ರಲ್ಲಿ.

ಹೊರಗಿನವನು ಹಣ ಹಾಕುವಾಗ ತನ್ನ ಪಾಲೆಷ್ಟೆಂದು ಬರೆಸಿಕೊಂಡೇ ಹಾಕುತ್ತಾನೆ. ಮನೆಯವಳು ಸಂಬಳ, ಒಡವೆ, ನಿದ್ದೆ ಎಲ್ಲವನ್ನೂ ಹಾಕಿ ಏನನ್ನೂ ಬರೆಸಿಕೊಳ್ಳುವುದಿಲ್ಲ. ವ್ಯಾಪಾರ ಗೆದ್ದರೆ "ಯಾರ ಹಣವೂ ಇಲ್ಲದೆ ಬೆಳೆದದ್ದು" ಎನ್ನುತ್ತಾರೆ. ಸೋತರೆ ಅವಳ ಬಳೆಗಳು ಹೋದದ್ದು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಪುಸ್ತಕ ಹಿಂದಿರುಗಿಸುವಾಗ ಕೇಳಿದೆ, "ನಿಮ್ಮ ಮನೆ ನಡೆಯುವುದು ಯಾರ ಸಂಬಳದಲ್ಲೇ?"

"ನನ್ನದರಲ್ಲೇ. ಕಾಲೇಜಿನಿಂದ ಬಂದ ಮೇಲೆ ಅಂಗಡಿಯವರ ಫೋನುಗಳೂ ನನಗೇ."

"ಕಾಗದಪತ್ರದಲ್ಲಿ ನಿನ್ನ ಹೆಸರಿದೆಯಾ?"

"ಜಿಎಸ್‌ಟಿ ಎಲ್ಲ ಅವರ ಹೆಸರಿನಲ್ಲೇ ಇದೆ ದೊಡ್ಡಮ್ಮ. ನಮ್ಮಿಬ್ಬರಲ್ಲಿ ಅದೇನು..." ಎಂದವಳು ಮಾತು ನಿಲ್ಲಿಸಿದಳು.

ಅವನು ಒಳ್ಳೆಯ ಹುಡುಗ; ಅನುಮಾನವಿಲ್ಲ. ಆದರೂ ಪಾಲುದಾರಿಕೆ ಪತ್ರ ಒಳ್ಳೆಯವರ ನಡುವೆಯೇ ಬರೆಯಬೇಕಾದದ್ದು ಎಂದು ಹೇಳಿ ಬಂದಿದ್ದೇನೆ.