ಎರಡು ಬಂಡೆ, ಒಂದಿಷ್ಟು ಹೊಗೆ

ಒಬ್ಬ ಚೆಲುವೆಯ ಮುಖಕ್ಕೆ ಕಣ್ಣೆದುರೇ ಮುಪ್ಪು ಬರುವುದನ್ನು ನಾನು ರಿಮೋಟ್ ಹಿಡಿದು ಹಿಂದಕ್ಕೂ ಮುಂದಕ್ಕೂ ಓಡಿಸಿ ಹದಿನೈದು ಸಲವಾದರೂ ನೋಡಿರಬೇಕು. ಎಲ್ಲೂ ಕತ್ತರಿ ಆಡಿಲ್ಲ, ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸಿಲ್ಲ. ಕ್ಯಾಮೆರಾ ಮುಖವನ್ನು ಬಿಟ್ಟು ಆಚೀಚೆ ಹೋಗುವುದಿಲ್ಲ. ಕೆನ್ನೆ ಗುಳಿಬೀಳುತ್ತದೆ, ಕಣ್ಣಿನ ಸುತ್ತ ಕಪ್ಪು ಕಟ್ಟುತ್ತದೆ, ಗೆರೆಗಳು ಚರ್ಮದ ಒಳಗಿನಿಂದಲೇ ಎದ್ದು ಬರುತ್ತವೆ. 1957ರಲ್ಲಿ ಇಟಲಿಯಲ್ಲಿ ತೆರೆಕಂಡ ಕಪ್ಪು-ಬಿಳುಪು ಚಿತ್ರ, ‘ಇ ವಂಪೀರಿ’. ನಿರ್ದೇಶಕ ರಿಕಾರ್ಡೊ ಫ್ರೆಡಾ ಅರ್ಧಕ್ಕೇ ಕೈಬಿಟ್ಟು ಹೋದ. ಛಾಯಾಗ್ರಾಹಕನಾಗಿದ್ದ ಮಾರಿಯೋ ಬಾವಾ ಉಳಿದದ್ದನ್ನು ಮುಗಿಸಿಕೊಟ್ಟ.

ಗುಟ್ಟು ಇಷ್ಟೇ. ಮುಪ್ಪಿನ ಗೆರೆಗಳನ್ನೆಲ್ಲ ಮೊದಲೇ ಕೆಂಪು ಬಣ್ಣದಲ್ಲಿ ನಟಿಯ ಮುಖದ ಮೇಲೆ ಬರೆದಿಟ್ಟಿದ್ದಾರೆ. ಕೆಂಪು ಬೆಳಕಿನಲ್ಲಿ ಆ ಕೆಂಪು ಗೆರೆಗಳು ಕಾಣುವುದಿಲ್ಲ. ಬೆಳಕನ್ನು ಮೆಲ್ಲಗೆ ಹಸಿರಿಗೆ ತಿರುಗಿಸಿದರೆ ಅಷ್ಟೂ ಕಪ್ಪಾಗಿ ಮೇಲೇಳುತ್ತವೆ. ಕಂಪೆನಿ ನಾಟಕದ ಫೋಕಸ್ ಲೈಟಿನ ಮುಂದೆ ಬಣ್ಣದ ಜಿಲೇಟಿನ್ ಕಾಗದದ ಚಕ್ರ ತಿರುಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಟ್ಟು ತಿಳಿದ ಮೇಲೆ ಹದಿನಾರನೆಯ ಸಲ ನೋಡಿದೆ. ಆಗಲೂ ಮೈ ಜುಮ್ಮೆಂದಿತು. ಬಾವಾನ ಚಿತ್ರಗಳ ರುಚಿ ಇದೇ: ಕಣ್ಕಟ್ಟು ಗೊತ್ತಿದ್ದೂ ಕಣ್ಣು ಕಟ್ಟಿಸಿಕೊಳ್ಳುವ ಸುಖ. ಈ ಸುಖ ಚಿತ್ರಮಂದಿರದಲ್ಲಿ ಸಿಗುವಂಥದ್ದಲ್ಲ. ಅಲ್ಲಿ ರೀಲು ಓಡಿಬಿಡುತ್ತದೆ. ಇದಕ್ಕೆ ಮನೆಯೇ ಬೇಕು, ಡಿಸ್ಕೇ ಬೇಕು, ನಿಲ್ಲಿಸುವ ಗುಂಡಿಯೇ ಬೇಕು.

ನನ್ನ ಕಪಾಟಿನಲ್ಲಿರುವುದು ಅಮೆರಿಕದ ಆಂಕರ್ ಬೇ ಕಂಪೆನಿ 2007ರಲ್ಲಿ ಹೊರತಂದ ಎರಡು ಪೆಟ್ಟಿಗೆಗಳು, ಜೊತೆಗೆ ಆಮೇಲೆ ಒಂದೊಂದಾಗಿ ಕೂಡಿಸಿಕೊಂಡ ಬಿಡಿ ಡಿಸ್ಕುಗಳು. ಅಮೆರಿಕದ ಡಿವಿಡಿಗಳ ವಲಯ ಒಂದು, ನಮ್ಮದು ಐದು. ಹಾಗಾಗಿ ನನ್ನ ಪ್ಲೇಯರು ಮೊದಲ ರಾತ್ರಿ ಅವನ್ನು ಮುಟ್ಟಲೇ ಇಲ್ಲ. ಎಸ್.ಪಿ. ರೋಡಿನ ಹುಡುಗನೊಬ್ಬ ರಿಮೋಟಿನಲ್ಲಿ ಅದೇನೋ ನಾಲ್ಕು ಅಂಕಿ ಒತ್ತಿ ವಲಯದ ಬೇಲಿ ಕಿತ್ತುಹಾಕಿದ. ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿ ಮನೆಯಾಕೆ ಕೇಳಿದ್ದು, ‘ಯಾರ ಭಾವ ಇವನು?’ ಅಂದಿನಿಂದ ನಮ್ಮ ಮನೆಯಲ್ಲಿ ಆತ ಭಾವನೇ. ರಾತ್ರಿ ಹತ್ತರ ಮೇಲೆ ನಾನು ಹಾಲಿನಲ್ಲಿ ದೀಪ ಆರಿಸಿದರೆ, ‘ಭಾವ ಬಂದ್ರಾ?’ ಎಂದು ಕೇಳಿ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಬಾವಾ ಹುಟ್ಟಿದ್ದು 1914ರಲ್ಲಿ, ಸ್ಯಾನ್ ರೆಮೊದಲ್ಲಿ. ಅಪ್ಪ ಎವುಜೆನಿಯೋ ಶಿಲ್ಪಿ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾ ಹಿಡಿದು, ಟ್ರಿಕ್ ಶಾಟುಗಳನ್ನು ಕೈಯಾರೆ ಕಟ್ಟುತ್ತಿದ್ದವನು. ಮಗ ಕಲಿತದ್ದು ಆ ಮನೆಯ ಕಸುಬನ್ನೇ. ಗಾಜಿನ ಮೇಲೆ ಬಣ್ಣದಲ್ಲಿ ಕೋಟೆ ಬರೆದು ಕ್ಯಾಮೆರಾದ ಮುಂದೆ ಹಿಡಿಯುವುದು, ಕನ್ನಡಿ ಇಟ್ಟು ಒಂದನ್ನು ಹತ್ತು ಮಾಡುವುದು, ದುಡ್ಡಿಲ್ಲದ ಕಡೆ ಹೊಗೆ ತುಂಬುವುದು. ಸ್ವತಂತ್ರ ನಿರ್ದೇಶಕನಾಗಿ ಮೊದಲ ಚಿತ್ರ ಕೈಗೆ ಬಂದಾಗ ವಯಸ್ಸು ನಲವತ್ತಾರರ ಹತ್ತಿರ. ಅಷ್ಟು ಹೊತ್ತಿಗೆ ಬೆಳಕಿನ ವಿಚಾರದಲ್ಲಿ ಅವನಿಗೆ ಪಾಠ ಹೇಳುವವರು ಯಾರೂ ಉಳಿದಿರಲಿಲ್ಲ.

ಆ ಮೊದಲ ಚಿತ್ರ 1960ರ ‘ಲಾ ಮಾಸ್ಕೆರಾ ದೆಲ್ ದೆಮೋನಿಯೊ’. ಅಮೆರಿಕದವರು ಇದಕ್ಕೆ ‘ಬ್ಲ್ಯಾಕ್ ಸಂಡೇ’ ಎಂದು ಹೆಸರಿಟ್ಟರು. ಗೊಗೊಲ್‌ನ ‘ವಿಯ್’ ಕಥೆಯಿಂದ ಎಳೆ ತೆಗೆದುಕೊಂಡಿದ್ದಾರೆ ಎನ್ನುತ್ತಾರೆ. ಚಿತ್ರದಲ್ಲಿ ಉಳಿದಿರುವುದು ನಿಜಕ್ಕೂ ಎಳೆ ಮಾತ್ರ. ಒಳಗೆಲ್ಲ ಮೊಳೆಗಳಿರುವ ಕಂಚಿನ ಮುಖವಾಡವನ್ನು ಮಾಟಗಾತಿಯ ಮುಖದ ಮೇಲಿಟ್ಟು ದೊಡ್ಡ ಕೊಡತಿಯಿಂದ ಒಂದೇ ಏಟು. ಶುರುವಾಗಿ ಕೆಲವೇ ನಿಮಿಷಕ್ಕೆ ಈ ದೃಶ್ಯ. ಬ್ರಿಟನ್ನಿನಲ್ಲಿ 1968ರವರೆಗೆ ಚಿತ್ರಕ್ಕೆ ಪರವಾನಗಿ ಸಿಗಲಿಲ್ಲ. ನನಗೆ ಹಿಡಿಸುವುದು ಆ ಏಟಲ್ಲ, ನಡುರಾತ್ರಿಯ ಕುದುರೆಗಾಡಿ. ಮಂಜಿನೊಳಗೆ ಅದು ನಿಧಾನಗತಿಯಲ್ಲಿ, ಗೊರಸಿನ ಸಪ್ಪಳವಿಲ್ಲದೆ ತೇಲಿ ಬರುತ್ತದೆ. ಬಾರ್ಬರಾ ಸ್ಟೀಲ್ ಮಾಟಗಾತಿಯೂ ಹೌದು, ಅವಳ ವಂಶದ ಮುಗ್ಧ ಹುಡುಗಿಯೂ ಹೌದು. ಎರಡಕ್ಕೂ ಅವೇ ಅಗಲ ಕಣ್ಣುಗಳು. ಅವಳ ಮುಖದಲ್ಲಿ ಯಾವುದು ಭಯ, ಯಾವುದು ಆಸೆ ಎಂದು ತಿಳಿಯದ ಹಾಗೆ ದೀಪ ಇಟ್ಟಿದ್ದಾನೆ ಪುಣ್ಯಾತ್ಮ.

ಕಪ್ಪು-ಬಿಳುಪಿನಲ್ಲಿ ಇಷ್ಟು ಮಾಡಿದವನು ಬಣ್ಣಕ್ಕೆ ಬಂದಾಗ ಸಂಯಮ ತೋರಿಸಬಹುದು ಅಂದುಕೊಂಡರೆ, ಇಲ್ಲ. ಹಸಿರು, ನೇರಳೆ, ಕುಂಕುಮ ಕೆಂಪು. ಈ ದೀಪ ಎಲ್ಲಿಂದ ಬಂತು ಎಂದು ಕೇಳುವ ಹಾಗೇ ಇಲ್ಲ. ಗೋಡೆಯ ಒಂದು ಮೂಲೆ ಹಸಿರಾಗಿರುತ್ತದೆ, ಏಕೆಂದರೆ ಅಲ್ಲಿ ಭಯವಿದೆ. ನಾಟ್ಯಶಾಸ್ತ್ರ ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ ಎಂದು ರಸಕ್ಕೊಂದು ಬಣ್ಣ ಹೇಳುತ್ತದೆ. ಇಟಲಿಯ ಕೊಲೆ-ಪತ್ತೇದಾರಿ ಸಿನಿಮಾಗಳ ಪಂಗಡಕ್ಕೂ ‘ಜಾಲ್ಲೊ’, ಅಂದರೆ ಹಳದಿ ಎಂದೇ ಹೆಸರು. ಮೊಂಡಡೋರಿ ಪ್ರಕಾಶನ 1929ರಿಂದ ಹಳದಿ ರಕ್ಷಾಪುಟದಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಅಚ್ಚು ಹಾಕುತ್ತಿತ್ತು, ಅದರಿಂದ ಬಂದದ್ದು. ಇದು ಬರೀ ಕಾಕತಾಳೀಯ. ಆದರೂ ಆ ಪಂಗಡದ ಮೊದಲ ಚಿತ್ರವೆಂದು ಹಲವರು ಎಣಿಸುವ 1963ರ ಚಿತ್ರವನ್ನು ತೆಗೆದವನೂ ಬಾವಾನೇ. ಅವನ ಭಯದ ಕೆಳಗೆ ಅದ್ಭುತವೇ ಹರಿಯುತ್ತಿರುತ್ತದೆ ಎಂದು ನನಗೆ ಅನ್ನಿಸುವುದರಿಂದ ಈ ಕಾಕತಾಳೀಯವನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಅದೇ 1963ರದ್ದು ಮೂರು ಕಥೆಗಳ ‘ಬ್ಲ್ಯಾಕ್ ಸ್ಯಾಬತ್’. ಇಂಗ್ಲೆಂಡಿನ ಒಂದು ಸಂಗೀತ ತಂಡ ಮುಂದೆ ತನ್ನ ಹೆಸರನ್ನು ಇಲ್ಲಿಂದಲೇ ಎತ್ತಿಕೊಂಡಿತು. ಮೂರನೆಯ ಕಥೆ ‘ನೀರಿನ ಹನಿ’. ಬಿರುಗಾಳಿಯ ರಾತ್ರಿ ಒಬ್ಬ ನರ್ಸಿಗೆ ಕರೆ ಬರುತ್ತದೆ. ಪ್ರೇತಗಳನ್ನು ಕರೆಯುತ್ತಿದ್ದ ಮುದುಕಿಯೊಬ್ಬಳು ತೀರಿಕೊಂಡಿದ್ದಾಳೆ, ಹೆಣಕ್ಕೆ ಬಟ್ಟೆ ತೊಡಿಸಬೇಕು. ಹೆಣದ ಬೆರಳಲ್ಲಿ ಉಂಗುರ. ನರ್ಸು ಕೀಳುತ್ತಾಳೆ. ಪಕ್ಕದ ಲೋಟ ಉರುಳಿ ನೀರು ತೊಟ್ಟಿಕ್ಕುತ್ತದೆ, ಒಂದು ನೊಣ ಬಂದು ಕೂರುತ್ತದೆ. ಆಮೇಲೆ ಅವಳ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ. ನಲ್ಲಿ ಬಿಗಿ ಮಾಡಿದರೆ ಕೊಡೆ ತೊಟ್ಟಿಕ್ಕುತ್ತದೆ. ಕಥೆಯೆಂದರೆ ಇಷ್ಟೇ, ಅಜ್ಜಿ ಎರಡು ವಾಕ್ಯದಲ್ಲಿ ಹೇಳಿ ಮುಗಿಸುವಂಥದ್ದು. ಆದರೆ ಆ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಬೇಕು. ಕಿಟಕಿಯಾಚೆ ಯಾವುದೋ ಬೆಳಕು ಹೊತ್ತಿ ಆರಿ ಹೊತ್ತಿ ಆರಿ ಕೋಣೆಯನ್ನು ಹಸಿರಿಗೂ ನೇರಳೆಗೂ ಅದ್ದಿ ತೆಗೆಯುತ್ತಿರುತ್ತದೆ. ಮುದುಕಿಯ ಹೆಣದ ಮುಖವನ್ನು ಮಾಡಿದ್ದು ಬಾವಾನ ಅಪ್ಪ. ಅದು ಬೊಂಬೆ ಎಂದು ಎಂಥವರಿಗೂ ಗೊತ್ತಾಗುತ್ತದೆ. ಬಾವಾ ಅದನ್ನು ಮುಚ್ಚಿಡುವುದೂ ಇಲ್ಲ. ಹಲ್ಲುಕಿರಿದ ಆ ಮುಖ ನಡೆಯದೆ, ಕಾಲೆತ್ತದೆ, ಜಾರಿಕೊಂಡು ಮುಂದೆ ಬರುತ್ತದೆ. ಬೊಂಬೆಯಾದ್ದರಿಂದಲೇ ಹೆಚ್ಚು ಭಯ.

ಚಿತ್ರದ ಕೊನೆಗೆ ನಟ ಬೋರಿಸ್ ಕಾರ್ಲೊಫ್ ಕುದುರೆಯ ಮೇಲೆ ಕಾಡಿನಲ್ಲಿ ಓಡುತ್ತ ನಮಗೆ ವಿದಾಯ ಹೇಳುತ್ತಾನೆ. ಕ್ಯಾಮೆರಾ ಹಿಂದೆ ಸರಿದರೆ ಕುದುರೆ ಸುಳ್ಳು. ನಾಲ್ಕಾರು ಜನ ಮರದ ಕೊಂಬೆಗಳನ್ನು ಹಿಡಿದು ಅವನ ಸುತ್ತ ಗಾಣದ ಎತ್ತಿನ ಹಾಗೆ ಓಡುತ್ತಿದ್ದಾರೆ, ಕಾಡು ಹಿಂದೆ ಸರಿದಂತೆ ಕಾಣಲು. ಅಮೆರಿಕದ ವಿತರಕರು ಇದನ್ನು ಕಿತ್ತುಹಾಕಿದ್ದರು. ಕಥೆಗಳ ಕ್ರಮ ಬದಲಾಯಿಸಿದರು, ಸಂಗೀತ ಬದಲಾಯಿಸಿದರು, ಮೂರರಲ್ಲೊಂದಾದ ಟೆಲಿಫೋನಿನ ಕಥೆಗೆ ಇಲ್ಲದ ದೆವ್ವವನ್ನು ತುರುಕಿದರು. ಪೆಟ್ಟಿಗೆಯಲ್ಲಿರುವುದು ಇಟಲಿಯ ಮೂಲಪ್ರತಿ. ವರ್ಷಗಟ್ಟಲೆ ಕಚ್ಚಾ ವಿಎಚ್‌ಎಸ್ ನಕಲುಗಳಲ್ಲಿ, ಎರಡೂ ಪಕ್ಕ ಕತ್ತರಿಸಿಕೊಂಡು ಬದುಕಿದ್ದ ಚಿತ್ರಗಳಿಗೆ ಡಿಸ್ಕು ಅವುಗಳ ಅಗಲವನ್ನೂ ಬಣ್ಣವನ್ನೂ ಹಿಂದಿರುಗಿಸಿತು. ಟಿಮ್ ಲ್ಯೂಕಾಸ್ ಎಂಬ ಅಮೆರಿಕದ ವಿಮರ್ಶಕ ಬಾವಾನ ಮೇಲೆ ಸಾವಿರ ಪುಟ ಮೀರಿದ ಪುಸ್ತಕ ಬರೆದವನು. ಹಲವು ಡಿಸ್ಕುಗಳಲ್ಲಿ ಅವನ ವ್ಯಾಖ್ಯಾನವಿದೆ. ಮೊದಲ ಸಲ ನೋಡುವಾಗ ಅದನ್ನು ಹಾಕಬೇಡಿ. ಮೂರನೆಯ ಸಲ ಹಾಕಿಕೊಳ್ಳಿ.

1965ರ ‘ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್’ಗೆ ಒಂದು ಇಡೀ ಗ್ರಹ ಬೇಕಿತ್ತು. ಸ್ಟುಡಿಯೊದಲ್ಲಿ ಇದ್ದದ್ದು ಪುರಾಣದ ಚಿತ್ರಕ್ಕೆ ಮಾಡಿ ಉಳಿದಿದ್ದ ಎರಡು ಪ್ಲಾಸ್ಟಿಕ್ ಬಂಡೆ ಎಂದು ಬಾವಾನೇ ಹೇಳಿಕೊಂಡಿದ್ದಾನೆ. ಕನ್ನಡಿ ಇಟ್ಟ, ಹೊಗೆ ಬಿಟ್ಟ, ಗ್ರಹವಾಯಿತು. ಹದಿನಾಲ್ಕು ವರ್ಷದ ಮೇಲೆ ಬಂದ ‘ಏಲಿಯನ್’ನಲ್ಲಿ ಸತ್ತ ದೈತ್ಯನಿರುವ ಹಡಗನ್ನು ನೋಡಿದವರು ಈ ಡಿಸ್ಕನ್ನೂ ಒಮ್ಮೆ ಹಾಕಿ ನೋಡಲಿ.

ಎಲ್ಲಕ್ಕಿಂತ ನನ್ನ ಮೆಚ್ಚಿನದು 1966ರ ‘ಕಿಲ್, ಬೇಬಿ... ಕಿಲ್!’ ಹೆಸರು ಕೇಳಿ ಓಡಿಹೋಗಬೇಡಿ. ಬಾಗಿಲು ಮುಚ್ಚಿಕೊಂಡ ಒಂದು ಹಳ್ಳಿ, ಬಿಳಿ ಅಂಗಿಯ ಒಬ್ಬ ಸತ್ತ ಹುಡುಗಿ, ಅವಳ ಕೈಯಲ್ಲೊಂದು ಬಿಳಿ ಚೆಂಡು. ಅವಳನ್ನು ಕಂಡವರು ತಮ್ಮ ಕೈಯಾರೆ ಸಾಯುತ್ತಾರೆ. ಆ ಹುಡುಗಿಯ ಪಾತ್ರ ಮಾಡಿದ್ದು ಒಬ್ಬ ಹುಡುಗ. ನೋಟದಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತದಲ್ಲ, ಅದಕ್ಕೆ. ಸ್ಮಶಾನದಲ್ಲಿ ಕ್ಯಾಮೆರಾ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂದು ಯೋಚಿಸುವಷ್ಟರಲ್ಲಿ ಉಯ್ಯಾಲೆಯಲ್ಲಿ ಕೂತ ಮಗುವಿನ ಕಾಲುಗಳು ಕಾಣುತ್ತವೆ. ಇನ್ನೊಂದೆಡೆ ಡಾಕ್ಟರು ಒಬ್ಬನನ್ನು ಅಟ್ಟಿಸಿಕೊಂಡು ಕೋಣೆಯೊಂದರ ಬಾಗಿಲು ದಾಟುತ್ತಾನೆ. ಆಚೆ ಅದೇ ಕೋಣೆ. ಮತ್ತೆ ಬಾಗಿಲು, ಮತ್ತೆ ಅದೇ ಕೋಣೆ. ಪ್ರತಿ ಸುತ್ತಿಗೂ ಮುಂದೆ ಓಡುವವನು ಹತ್ತಿರವಾಗುತ್ತಾನೆ. ಕೊನೆಗೆ ಭುಜ ಹಿಡಿದು ತಿರುಗಿಸಿದರೆ ಅದು ತಾನೇ. ಇದಕ್ಕೆ ಬೇಕಾದದ್ದು ಒಂದು ಕೋಣೆ, ಎರಡು ಬಾಗಿಲು, ಒಬ್ಬ ನಟ. ಎರಡು ವರ್ಷದ ಮೇಲೆ ಫೆಲಿನಿಯ ‘ಟೋಬಿ ಡ್ಯಾಮಿಟ್’ನಲ್ಲೂ ಚೆಂಡು ಹಿಡಿದ ಹುಡುಗಿ ಬಂದಳು. ದೊಡ್ಡವರು ಎತ್ತಿಕೊಂಡರೆ ಅದಕ್ಕೆ ಪ್ರಭಾವ ಎನ್ನಬೇಕಂತೆ!

ಪೆಟ್ಟಿಗೆಯಲ್ಲಿ ಇರುವುದೆಲ್ಲ ಚಿನ್ನವೇನಲ್ಲ. ವೈಕಿಂಗರ ‘ನೈವ್ಸ್ ಆಫ್ ದಿ ಅವೆಂಜರ್’ ಒಂದು ಸಲಕ್ಕೆ ಸಾಕು. ಹಾಸ್ಯ ಮಾಡಲು ಹೋದ ಚಿತ್ರಗಳಲ್ಲಿ ನಗು ಬರುವುದಿಲ್ಲ. ‘ಲಿಸಾ ಅಂಡ್ ದಿ ಡೆವಿಲ್’ ಮತ್ತು ‘ಹೌಸ್ ಆಫ್ ಎಕ್ಸಾರ್ಸಿಸಂ’ ಎರಡನ್ನೂ ಮಾತ್ರ ಒಂದರ ಹಿಂದೆ ಒಂದು ನೋಡಬೇಕು. ಮೊದಲನೆಯದು ಕನಸಿನಂಥ ಚಿತ್ರ, ಟೆಲಿ ಸಾವಲಾಸ್ ಲಾಲಿಪಾಪ್ ಚೀಪುತ್ತ ಬೊಂಬೆಗಳನ್ನು ಹೊತ್ತು ತಿರುಗುವ ಸೈತಾನ. ಅದನ್ನು ಕೊಳ್ಳುವವರು ಸಿಗಲಿಲ್ಲ. ‘ಎಕ್ಸಾರ್ಸಿಸ್ಟ್’ ದುಡ್ಡು ಬಾಚಿದ್ದನ್ನು ಕಂಡ ನಿರ್ಮಾಪಕರು ಪಾದ್ರಿಯನ್ನೂ ವಾಂತಿಯನ್ನೂ ಸೇರಿಸಿ 1975ರಲ್ಲಿ ಇನ್ನೊಂದು ಚಿತ್ರ ಹೊಲಿದರು. ರೇಷ್ಮೆ ಸೀರೆಗೆ ಗೋಣಿಯ ತೇಪೆ.

‘ರೇಬಿಡ್ ಡಾಗ್ಸ್’ನ ಗತಿ ಇನ್ನೂ ಕೆಟ್ಟದ್ದು. 1974ರಲ್ಲಿ ತೆಗೆದದ್ದು. ಹೊಗೆಯಿಲ್ಲ, ಹಸಿರು ದೀಪವಿಲ್ಲ. ಉರಿಬಿಸಿಲು, ಒಂದು ಕಾರು, ಅದರೊಳಗೆ ಬೆವರುವ ದರೋಡೆಕೋರರು ಮತ್ತು ಒತ್ತೆಯಾಳುಗಳು. ಬಾವಾಗೆ ಬಣ್ಣದ ದೀಪ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ ಎನ್ನುವವರ ಬಾಯಿ ಮುಚ್ಚಿಸುವ ಚಿತ್ರ. ನಿರ್ಮಾಪಕ ದಿವಾಳಿಯೆದ್ದು ರೀಲುಗಳು ಜಪ್ತಿಯಾದವು. 1980ರಲ್ಲಿ ರೋಮಿನಲ್ಲಿ ತೀರಿಕೊಂಡ ಬಾವಾ ಅದನ್ನು ತೆರೆಯ ಮೇಲೆ ಕಾಣಲಿಲ್ಲ. ತೊಂಬತ್ತರ ದಶಕದಲ್ಲಿ ಜೋಡಿಸಿದ ಮೇಲೆ ಅದು ಹೆಚ್ಚಿನವರ ಕಣ್ಣಿಗೆ ಬಿದ್ದದ್ದು ಡಿಸ್ಕಿನಿಂದಲೇ.

ಈ ಕಪಾಟಿನಿಂದ ಒಂದನ್ನೇ ತೆಗೆದು ನೋಡುವುದಾದರೆ ‘ನೀರಿನ ಹನಿ’ ಹಾಕಿಕೊಳ್ಳಿ. ಅರ್ಧ ಗಂಟೆಯೂ ಇಲ್ಲ. ಕೂರುವ ಮುಂಚೆ ಬಚ್ಚಲಿನ ನಲ್ಲಿಯನ್ನು ಮಾತ್ರ ಭದ್ರವಾಗಿ ತಿರುಗಿಸಿ ಬನ್ನಿ.