ಮಾರಿ ಹೋದ ಮೇಲಿನ ಮೌನ

ಮಹಾಮಾರಿಯ ಕಥೆ ಹೇಳುವವರು ಸಾಮಾನ್ಯವಾಗಿ ಸಾವುಗಳನ್ನು ಎಣಿಸಿ ನಿಲ್ಲುತ್ತಾರೆ. 1918ರ ಇನ್‌ಫ್ಲುಯೆಂಜಾ ಅಮೆರಿಕ ಒಂದರಲ್ಲೇ ಸುಮಾರು 6,75,000 ಜನರನ್ನು ಬಲಿ ತೆಗೆದುಕೊಂಡಿತು. ನಮ್ಮ ದೇಶದಲ್ಲಿ ಸತ್ತವರು ಕೋಟಿಗೂ ಮಿಕ್ಕಿ. ಆದರೆ ಬದುಕಿ ಉಳಿದ ಮಕ್ಕಳ ಮನಸ್ಸು ಏನಾಯಿತೆಂಬುದು ಯಾವ ಲೆಕ್ಕಕ್ಕೂ ಸಿಗುವಂಥದಲ್ಲ. ಅದನ್ನು ಹಿಡಿದುಕೊಟ್ಟ ಲೇಖಕರಲ್ಲಿ ವಿಲಿಯಂ ಮ್ಯಾಕ್ಸ್‌ವೆಲ್ ಒಬ್ಬ. ಇಲಿನಾಯ್ ಸಂಸ್ಥಾನದ ಲಿಂಕನ್ ಎಂಬ ಸಣ್ಣ ಊರಿನವನಾದ ಈತ ಆ ಜ್ವರಕ್ಕೆ ತಾಯಿಯನ್ನು ಕಳೆದುಕೊಂಡಾಗ ಹತ್ತು ವರ್ಷದ ಬಾಲಕ.

1937ರಲ್ಲಿ ಬಂದ ‘ದೇ ಕೇಮ್ ಲೈಕ್ ಸ್ವಾಲೋಸ್’ ಕಾದಂಬರಿಯಲ್ಲಿ ಮೂರು ಭಾಗಗಳಿವೆ: ಎಂಟು ವರ್ಷದ ಬನ್ನಿಯದು, ಹದಿಮೂರರ ಅಣ್ಣ ರಾಬರ್ಟನದು, ತಂದೆಯದು. ಮೂವರಲ್ಲಿ ನಮ್ಮನ್ನು ಹೆಚ್ಚು ಕಾಡುವವನು ರಾಬರ್ಟ್. ಒಂದು ಕಾಲು ಕಳೆದುಕೊಂಡ ಈ ಹುಡುಗ ಮರುಕವನ್ನು ಸಹಿಸನು. ಯಾರೊಡನೆಯೂ ಮನ ಬಿಚ್ಚನು. ತಮ್ಮ ಜ್ವರದಿಂದ ಮಲಗಿದ್ದಾಗ ಗರ್ಭಿಣಿ ತಾಯಿ ಆ ಕೋಣೆಗೆ ಕಾಲಿಡದಂತೆ ಕಾಯುವುದು ಇವನ ಪಾಲಿನ ಕೆಲಸ. ಒಮ್ಮೆ ಆಕೆ ಒಳಗೆ ಹೋಗಿಬಿಡುತ್ತಾಳೆ. ಮುಂದೆ ತಾಯಿ ತೀರಿಕೊಂಡಾಗ, ಕೊಂದವನು ತಾನೇ ಎಂದು ಅವನ ಒಳಮನಸ್ಸು ತೀರ್ಪು ಕೊಟ್ಟುಕೊಳ್ಳುತ್ತದೆ. ಅತ್ತ ತಂದೆ, ಕಿಕ್ಕಿರಿದ ರೈಲಿನಲ್ಲಿ ಹೆಂಡತಿಯನ್ನು ಕರೆದೊಯ್ದ ತನ್ನದೇ ತಪ್ಪೆಂದು ಕೊರಗುತ್ತಾನೆ. ಒಂದೇ ಮನೆಯಲ್ಲಿ ಇಬ್ಬರು ಅಪರಾಧಿಗಳು. ನಿಜವಾಗಿ ಇಬ್ಬರೂ ನಿರಪರಾಧಿಗಳು. ಪಾತ್ರಚಿತ್ರಣ ಬಹು ಸೂಕ್ಷ್ಮವಾದದ್ದು. ಆದರೆ ಕಾದಂಬರಿ ತಂದೆಯ ಕಡೆಗೆ ಹೊರಳಿ ಅಲ್ಲಿಯೇ ಮುಗಿಯುವುದರಿಂದ, ಹುಡುಗರ ಮುಂದಿನ ವರ್ಷಗಳು ನಮಗೆ ಕಾಣುವುದಿಲ್ಲ. ಇದು ಕೃತಿಯ ಕೊರತೆಯೆಂದೇ ಹೇಳಬೇಕು.

ಆ ಕೊರತೆಯನ್ನು ಲೇಖಕನೇ ತುಂಬಿದ್ದು 43 ವರ್ಷಗಳ ತರುವಾಯ, 1980ರಲ್ಲಿ ಪುಸ್ತಕವಾಗಿ ಬಂದ ‘ಸೋ ಲಾಂಗ್, ಸೀ ಯೂ ಟುಮಾರೋ’ದಲ್ಲಿ. ಇಲ್ಲಿ ಹೆಂಡತಿ ಸತ್ತ ಮನೆಯಲ್ಲಿ ತಂದೆ ಕೋಣೆಯಿಂದ ಕೋಣೆಗೆ ನಡೆಯುತ್ತಾನೆ, ಅವನ ಸೊಂಟ ಬಳಸಿ ಮಗನೂ ನಡೆಯುತ್ತಾನೆ. ಅವನೂ ಮಾತಾಡನು, ಇವನೂ ಮಾತಾಡನು. ಮುಂದೆ ತಂದೆ ಮರುಮದುವೆಯಾಗಿ ಹೊಸ ಮನೆ ಕಟ್ಟಿಸುತ್ತಾನೆ. ಅರ್ಧ ಕಟ್ಟಿದ ಆ ಮನೆಯಲ್ಲಿ ಹುಡುಗನಿಗೆ ಕ್ಲೀಟಸ್ ಎಂಬ ಗೆಳೆಯ ಸಿಗುತ್ತಾನೆ. ಸಂಜೆ ಬೀಳ್ಕೊಳ್ಳುವಾಗ ಅವರು ಆಡುವ ಮಾತೇ ಕಾದಂಬರಿಯ ಹೆಸರು. ಕ್ಲೀಟಸನ ತಂದೆ ಕೊಲೆಗಾರನಾದ ಮೇಲೆ ಗೆಳೆತನ ಮುರಿಯುತ್ತದೆ. ಕೆಲಕಾಲಾನಂತರ ಷಿಕಾಗೋದ ಶಾಲೆಯ ಓಣಿಯಲ್ಲಿ ಇಬ್ಬರೂ ಎದುರಾಗುತ್ತಾರೆ. ನಮ್ಮ ನಿರೂಪಕ ಒಂದು ಮಾತೂ ಆಡದೆ ಮುಂದೆ ಸಾಗುತ್ತಾನೆ.

ಮನೆಯಲ್ಲಿ ಕಲಿತ ಮೌನವನ್ನೇ ಹುಡುಗ ಇಲ್ಲಿ ಗೆಳೆಯನಿಗೆ ದಾಟಿಸಿದ್ದಾನೆ. ಮಾರಿಯ ನಿಜವಾದ ಅಂಟು ಇದು. ಕಾದಂಬರಿಯ ಉತ್ತರಾರ್ಧವೆಲ್ಲ ಕ್ಲೀಟಸನ ಮನೆಯ ಕಲ್ಪಿತ ಕಥೆಯಾಗಿರುವುದನ್ನು ಕೆಲವರು ಅತಿವಿಸ್ತಾರವೆಂದಾರು. ಅಂದು ಆಡದ ಮಾತಿಗೆ ಮುದುಕನಾದ ಮೇಲೆ ಸಲ್ಲಿಸುವ ದಂಡವೆಂದು ಓದಿದರೆ ಅದರ ಔಚಿತ್ಯ ತಿಳಿಯುತ್ತದೆ.

2020-21ರ ಕೊರೋನಾದಲ್ಲಿ ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಮಕ್ಕಳು ನಮ್ಮ ಬೀದಿಗಳಲ್ಲೂ ಬೆಳೆಯುತ್ತಿದ್ದಾರೆ. ‘ಹುಡುಗ ಬಲು ಗಟ್ಟಿ, ಅಳಲೇ ಇಲ್ಲ’ ಎಂದು ಮೆಚ್ಚುವ ಬಂಧುಗಳಿಗೂ ಕೊರತೆಯಿಲ್ಲ. ಅಂಥವರು ಈ ಎರಡು ಪುಸ್ತಕಗಳನ್ನು ಜೊತೆಯಾಗಿ ಓದಬೇಕು. ಆ ಗಟ್ಟಿತನದ ಒಳಗೆ ಏನು ಅಡಗಿದೆಯೆಂದು ಹುಡುಗನನ್ನು ಕೇಳುವ ಧೈರ್ಯ ಅವರಿಗೆ ಬಂದೀತು.