ಪಾಸಾದ ಓಮ್ನಿಯ ನೆಲ

ಕಳೆದ ಮಳೆಗಾಲ ಮುಗಿದ ಮೇಲೆ ಕುಂದಾಪುರದ ಹತ್ತಿರದ ಒಂದು ಗ್ಯಾರೇಜಿಗೆ ಹಳೆಯ ಮಾರುತಿ ಓಮ್ನಿಯೊಂದನ್ನು ನೋಡಲು ಹೋಗಿದ್ದೆ. ಮದುವೆ ಮನೆಗಳ ಅಡುಗೆ ವಹಿಸಿಕೊಳ್ಳುವ ಗೆಳೆಯನಿಗೆ ಪಾತ್ರೆ, ಒಲೆ ಸಾಗಿಸಲು ಗಾಡಿ ಬೇಕಿತ್ತು. ಯೆಲ್ಲೋ ಬೋರ್ಡು, ಹೊಸ ಬಿಳಿ ಬಣ್ಣ, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಇನ್ನೂ ಏಳು ತಿಂಗಳು ಬಾಕಿ. ಮೇಸ್ತ್ರಿ ಏನೂ ಮಾತಾಡದೆ ಡ್ರೈವರ್ ಕಾಲಿಡುವ ಜಾಗದ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ತಗಡಿಗೆ ಒತ್ತಿದ. ಹಪ್ಪಳ ಮುರಿದ ಹಾಗೆ ಸಣ್ಣ ಸದ್ದು. ತೂತಿನಲ್ಲಿ ಗ್ಯಾರೇಜಿನ ನೆಲ ಕಾಣಿಸಿತು.

ಇದೇ ಗಾಡಿ ಐದು ತಿಂಗಳ ಹಿಂದೆ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಂತು ಪಾಸಾಗಿತ್ತು. ಅವರು ಕಣ್ಣು ಮುಚ್ಚಿ ಸಹಿ ಹಾಕಿದರೆಂದು ನಾನು ಹೇಳಲಾರೆ. ಹೆಡ್‌ಲೈಟ್ ಉರಿಯುತ್ತಿತ್ತು, ವೈಪರ್ ಆಡುತ್ತಿತ್ತು, ಹಾರ್ನ್ ಕೂಗುತ್ತಿತ್ತು, ಬ್ರೇಕ್ ಹಿಡಿಯುತ್ತಿತ್ತು. ಅವರು ನೋಡಬೇಕಾದದ್ದೆಲ್ಲ ಬಹುಶಃ ಸರಿಯಾಗಿಯೇ ಇತ್ತು. ನನ್ನ ತಕರಾರು ಇರುವುದು ಆ ನೋಡಬೇಕಾದ ಪಟ್ಟಿಯ ಬಗ್ಗೆ. ಓಮ್ನಿಗೆ ಯಾವುದು ಸುಲಭವೋ ನಮ್ಮ ತಪಾಸಣೆ ಅದನ್ನೇ ಕೇಳುತ್ತದೆ. ಓಮ್ನಿ ಎಲ್ಲಿ ಸೋಲುತ್ತದೋ ಅಲ್ಲಿಗೆ ಅದು ಬಗ್ಗಿ ನೋಡುವುದೇ ಇಲ್ಲ.

ಈ ಗಾಡಿಯ ಮೇಲೆ ನನಗೆ ದ್ವೇಷವಿಲ್ಲ, ಪ್ರೀತಿಯೇ ಇದೆ. 1984ರಲ್ಲಿ 'ಮಾರುತಿ ವ್ಯಾನ್' ಎಂದು ಬಂದು, ನಂತರ ಓಮ್ನಿಯಾಗಿ, 2019ರವರೆಗೆ ಮೂವತ್ತೈದು ವರ್ಷ ಹೆಚ್ಚುಕಡಿಮೆ ಅದೇ ಮೈಯಲ್ಲಿ ತಯಾರಾಯಿತು. ಉದ್ದ ಮೂರೂವರೆ ಮೀಟರೂ ಇಲ್ಲ. ಮುಂದಿನ ಸೀಟಿನ ಕೆಳಗೆ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಹಿಂದೆ ಲೀಫ್ ಸ್ಪ್ರಿಂಗಿನ ಪಟ್ಟಿ, ಹನ್ನೆರಡು ಇಂಚಿನ ಪುಟ್ಟ ಚಕ್ರ, ಎರಡೂ ಪಕ್ಕದಲ್ಲಿ ಎಳೆಯುವ ಬಾಗಿಲು. ಮಲೆನಾಡಿನ ಕಚ್ಚಾರಸ್ತೆಗಳಲ್ಲಿ ಹೆರಿಗೆ ನೋವಿನ ಹೆಂಗಸರನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದು ಇದು. ಹೂವು, ಮೀನು, ಹಾಲು, ಶಾಮಿಯಾನ, ಶಾಲೆಯ ಮಕ್ಕಳು, ಕೊನೆಗೆ ಹೆಣ, ಎಲ್ಲವನ್ನೂ ಹೊತ್ತಿದೆ.

ತಪಾಸಣೆಯಲ್ಲಿ ಅದು ಗೆಲ್ಲುವುದು ಈ ಸರಳತೆಯಿಂದಲೇ. ಕೆಡುವ ಎಲೆಕ್ಟ್ರಾನಿಕ್ಸ್ ಕಡಿಮೆ, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ, ಕೈಗೆ ಎಟುಕದ ಬೋಲ್ಟ್ ಇಲ್ಲ. ಟೈ ರಾಡ್ ಎಂಡ್ ಸಡಿಲವಾಗಿದ್ದರೆ ಮಧ್ಯಾಹ್ನದೊಳಗೆ ಹೊಸದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸದ್ದು ಮಾಡಿದರೆ ಅದೂ ಅಷ್ಟೇ. ಹೊಗೆ ಹೆಚ್ಚಾದರೆ ಟ್ಯೂನಿಂಗ್. ಹಾಗಾಗಿ ಓಮ್ನಿ ಎಫ್‌ಸಿಯಲ್ಲಿ ಬಿದ್ದರೂ ವಾರದೊಳಗೆ ಎದ್ದು ನಿಲ್ಲುತ್ತದೆ. ಯಂತ್ರವಾಗಿ ಇದು ದೊಡ್ಡ ಗುಣ, ಅದನ್ನು ಒಪ್ಪಲೇಬೇಕು.

ಅದು ತಡವರಿಸುವ ಜಾಗ ಹಿಂದಿನ ಬ್ರೇಕು. ಡ್ರಮ್ಮಿನೊಳಗೆ ಆಯಿಲ್ ಸೀಲ್ ಸೋರಿ ಒಂದು ಬದಿಯ ಶೂ ಒದ್ದೆಯಾಗುತ್ತದೆ, ಇಲ್ಲವೇ ವೀಲ್ ಸಿಲಿಂಡರ್ ಜಾಮಾಗುತ್ತದೆ. ಆಗ ಎಡಕ್ಕೂ ಬಲಕ್ಕೂ ಹಿಡಿತ ಬೇರೆಯಾಗುತ್ತದೆ. ಮೈದಾನದಲ್ಲಿ ಇಪ್ಪತ್ತು ಅಡಿ ಓಡಿಸಿ ಗಕ್ಕನೆ ನಿಲ್ಲಿಸುವ ಹಳೆಯ ಪರೀಕ್ಷೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಡ್ರಮ್ ಬಿಚ್ಚಿ ಶೂವಿಗೆ ಮರಳು ಕಾಗದ ತಿಕ್ಕಿದರೆ ಬೆಳಗಿನ ಮಟ್ಟಿಗೆ ಸಾಕು. ಸ್ವಯಂಚಾಲಿತ ತಪಾಸಣಾ ಕೇಂದ್ರದ ರೋಲರ್ ಯಂತ್ರ ಹಾಗಲ್ಲ, ಅದು ಪ್ರತಿ ಚಕ್ರದ ಬ್ರೇಕ್ ಬಲವನ್ನು ಬೇರೆಬೇರೆಯಾಗಿ ಅಳೆದು ಅಂಕಿ ಕೊಡುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಇಂಥ ಕೇಂದ್ರಗಳಿಗೆ ನಿಯಮ ರೂಪಿಸಿದ್ದು ಈ ದೃಷ್ಟಿಯಿಂದ ನಿಜಕ್ಕೂ ಒಳ್ಳೆಯ ಕೆಲಸ. ಕಡ್ಡಾಯ ಮಾಡುವ ದಿನ ಮುಂದೆ ಹೋಗುತ್ತಲೇ ಬಂದದ್ದು ಮಾತ್ರ ಬೇಸರದ ಸಂಗತಿ.

ಆದರೆ ಯಂತ್ರವೂ ಗಾಡಿಯನ್ನು ಖಾಲಿಯಾಗಿಯೇ ಅಳೆಯುತ್ತದೆ. ಓಮ್ನಿಯ ತೂಕ ಸುಮಾರು ಎಂಟುನೂರು ಕಿಲೋ. ಎಂಟು ಜನ ಕೂತರೆ ಅದರ ಅರ್ಧಕ್ಕಿಂತ ಹೆಚ್ಚು ಭಾರ ಮೇಲೇರುತ್ತದೆ, ಅದರಲ್ಲಿ ಬಹುಪಾಲು ಹಿಂದಿನ ಪಟ್ಟಿಗಳ ಮೇಲೆ. ಆಗುಂಬೆ ಘಾಟಿಯಲ್ಲಿ ತುಂಬಿದ ಗಾಡಿ ಇಳಿಸುವವನಿಗೆ ಬೇಕಾದ ಬ್ರೇಕು ಬೇರೆ, ಖಾಲಿ ಗಾಡಿ ರೋಲರ್ ಮೇಲೆ ತೋರಿಸುವ ಬ್ರೇಕು ಬೇರೆ.

ಇನ್ನು ತುಕ್ಕು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಓಮ್ನಿಯ ಆಯುಷ್ಯ ತೀರ್ಮಾನವಾಗುವುದು ಇಲ್ಲಿ. ಎಳೆಯುವ ಬಾಗಿಲಿನ ಕೆಳಗಿನ ಹಳಿಯಲ್ಲಿ ಕೆಸರು, ಎಲೆ, ನೀರು ಸೇರಿಕೊಳ್ಳುತ್ತವೆ. ಅಲ್ಲಿಂದ ತಗಡಿನ ಮಡಿಕೆಯೊಳಗೆ ತೇವ ಇಳಿಯುತ್ತದೆ. ಮುಂದಿನ ಚಕ್ರ ಎರಚುವ ನೀರು ನೇರವಾಗಿ ಡ್ರೈವರಿನ ಕಾಲ ಕೆಳಗೆ ಬಡಿಯುತ್ತದೆ. ಮೇಲೆ ರಬ್ಬರ್ ಮ್ಯಾಟ್, ಒಳಗೆ ಒದ್ದೆ ಚಪ್ಪಲಿ. ಎರಡೂ ಕಡೆಯಿಂದ ತಿನ್ನಿಸಿಕೊಂಡ ತಗಡು ಹತ್ತು ಮಳೆಗಾಲಕ್ಕೆ ಕಾಗದವಾಗುತ್ತದೆ. ವಿಜಯಪುರದ ಒಣಹವೆಯಲ್ಲಿ ಓಡಿದ ಓಮ್ನಿಯೂ ಉಡುಪಿಯ ಉಪ್ಪುಗಾಳಿ ಕುಡಿದ ಓಮ್ನಿಯೂ ಒಂದೇ ವರ್ಷದವಾಗಿದ್ದರೂ ಒಂದೇ ಗಾಡಿಯಲ್ಲ. ಮೊದಲನೆಯದರಲ್ಲಿ ದೂಳು ತುಂಬಿರುತ್ತದೆ, ಎಂಜಿನ್ ಸವೆದಿರುತ್ತದೆ, ಮೈ ಗಟ್ಟಿ. ಎರಡನೆಯದು ಪೇಂಟು ಮತ್ತು ಪ್ಯಾಚುಗಳ ಮೇಲೆ ನಿಂತಿರುತ್ತದೆ. ಎಫ್‌ಸಿಗೆ ಮುಂಚೆ ಕೆಳಗೆ ಬಳಿಯುವ ಕಪ್ಪು ಕೋಟಿಂಗ್ ಎರಡನ್ನೂ ಒಂದೇ ಬಣ್ಣಕ್ಕೆ ತರುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 62ನೇ ನಿಯಮದ ಹಳೆಯ ಪಟ್ಟಿಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಕ್ಯಾಪಿನಿಂದ ಹಿಡಿದು ಡ್ಯಾಶ್‌ಬೋರ್ಡಿನವರೆಗೆ ಇದೆ. ತಗಡನ್ನು ತಟ್ಟಿ ನೋಡುವ ಮಾತು ಅದರಲ್ಲಿ ಮುಖ್ಯವಾಗಲೇ ಇಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರು, ವ್ಯಾನುಗಳಿಗೆ ವರ್ಷಕ್ಕೊಮ್ಮೆ ಮಾಡುವ ಎಂಒಟಿ ಪರೀಕ್ಷೆಯಲ್ಲಿ ತುಕ್ಕು ಪರೀಕ್ಷಿಸಲೆಂದೇ ಒಂದು ಸಣ್ಣ ಸಾಧನ ಪರೀಕ್ಷಕನ ಕೈಯಲ್ಲಿರುತ್ತದೆ. ಅದರಿಂದ ತಟ್ಟಿ, ಕೆರೆದು ತಗಡಿನ ಗಟ್ಟಿತನ ನೋಡುತ್ತಾನೆ. ಕುಂದಾಪುರದ ಮೇಸ್ತ್ರಿ ಸ್ಕ್ರೂಡ್ರೈವರಿನಿಂದ ಮಾಡಿದ್ದೂ ಅದನ್ನೇ. ಅಲ್ಲಿಯ ವ್ಯವಸ್ಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇನ್ನೊಂದು: ಗಾಡಿಯ ನಂಬರ್ ಗೊತ್ತಿದ್ದರೆ ಅದರ ಹಿಂದಿನ ಪರೀಕ್ಷೆಗಳ ಫಲಿತಾಂಶವನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಯಾವ ವರ್ಷ ಯಾಕೆ ಫೇಲಾಯಿತು, ಆಗ ಎಷ್ಟು ಮೈಲಿ ಓಡಿತ್ತು, 'ಮುಂದೆ ಗಮನಿಸಿ' ಎಂದು ಏನು ಬರೆದಿದ್ದರು, ಎಲ್ಲವೂ ಅಲ್ಲಿದೆ. ಹಳೆಯ ವ್ಯಾನ್ ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು? ನಮ್ಮಲ್ಲಿ ಕೊಳ್ಳುವವನ ಕೈಗೆ ಸಿಗುವುದು ಎಫ್‌ಸಿ ಎಲ್ಲಿಯವರೆಗೆ ಇದೆ ಎಂಬ ತಾರೀಖು. ಕಾರಣಗಳು ಕಡತದಲ್ಲಿ ಉಳಿಯುತ್ತವೆ. ಮೀಟರ್ ತಿರುಗಿಸಿದ್ದಾರೆಯೇ, ಬ್ರೇಕ್ ಎಷ್ಟು ಸಲ ಸೋತಿತ್ತು, ಟೈರು ಅವತ್ತಿನ ಮಟ್ಟಿಗೆ ಬೇರೆ ಗಾಡಿಯಿಂದ ಕಳಚಿ ತಂದದ್ದೇ, ಯಾವುದೂ ತಿಳಿಯುವುದಿಲ್ಲ.

ಯಾವ ಪರೀಕ್ಷೆಯೂ ಸರಿಪಡಿಸಲಾಗದ ಕೊರತೆಯೊಂದು ಓಮ್ನಿಯ ಹುಟ್ಟಿನಲ್ಲೇ ಇದೆ. ಡ್ರೈವರಿನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಇರುವುದು ಒಂದು ತಗಡು, ಒಂದು ಗಾಜು. ಹೊಸ ಸುರಕ್ಷತಾ ನಿಯಮಗಳನ್ನು ಓಮ್ನಿ ಪೂರೈಸಲಾರದು ಎಂದು ಕಂಪನಿಯ ಅಧ್ಯಕ್ಷ ಆರ್.ಸಿ. ಭಾರ್ಗವ ಅವರೇ 2018ರಲ್ಲಿ ಹೇಳಿದರು. ಮರುವರ್ಷ ತಯಾರಿಕೆ ನಿಂತಿತು. ಸ್ವಲ್ಪ ಮೂಗು ಇರುವ ಅದರ ತಮ್ಮ ಈಕೋ ಕೂಡ 2016ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ, ಏರ್‌ಬ್ಯಾಗ್ ಇಲ್ಲದ ಮಾದರಿಯಲ್ಲಿ, ವಯಸ್ಕರ ರಕ್ಷಣೆಗೆ ಸೊನ್ನೆ ಸ್ಟಾರ್ ಪಡೆಯಿತು. ಎಫ್‌ಸಿ ಗಾಡಿಯನ್ನು ಅದು ಹುಟ್ಟಿದ ಕಾಲದ ಅಳತೆಯಲ್ಲಿ ನೋಡುತ್ತದೆ. ಹಳೆಯ ಗಾಡಿಗೆ ಅದು ನ್ಯಾಯವೂ ಹೌದು, ಬಡವನ ಹೊಟ್ಟೆಪಾಡನ್ನು ಒಂದೇ ದಿನದಲ್ಲಿ ಗುಜರಿಗೆ ಹಾಕಲಾಗದು. ಆದರೆ ಶಾಲೆಯ ಮಕ್ಕಳನ್ನು ಇದರ ಮುಂದಿನ ಸೀಟಿನಲ್ಲಿ ಇಬ್ಬಿಬ್ಬರನ್ನಾಗಿ ತುರುಕುವುದನ್ನು ನೋಡಿದಾಗ, ಗಾಜಿಗೆ ಅಂಟಿಸಿದ ಎಫ್‌ಸಿಯ ತಾರೀಖು ತಂದೆತಾಯಿಗೆ ಕೊಡುವ ಧೈರ್ಯ ನನಗೆ ಸಹಿಸಲಾಗುವುದಿಲ್ಲ. ಆ ತಾರೀಖು ಕೊಡದ ಭರವಸೆಯನ್ನು ಅವರು ಅದರಲ್ಲಿ ಓದುತ್ತಿದ್ದಾರೆ.

ಗೆಳೆಯ ಆ ಗಾಡಿ ಕೊಳ್ಳಲಿಲ್ಲ. ಇನ್ನೊಂದನ್ನು ಹುಡುಕುತ್ತಿದ್ದಾನೆ, ಈ ಸಲ ವೈಟ್ ಬೋರ್ಡಿನದ್ದು ಸಿಕ್ಕರೆ ಚೆನ್ನಾಗಿರುತ್ತದೆ, ಮನೆಯವರು ಜೋಪಾನ ಮಾಡಿರುತ್ತಾರೆ ಎಂಬ ಲೆಕ್ಕ. ಬಾಡಿಗೆಗೆ ಓಡುವ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿಯಾದರೂ ಇದೆ. ವೈಟ್ ಬೋರ್ಡಿಗೆ ಹದಿನೈದು ವರ್ಷ ತುಂಬುವವರೆಗೆ ಅದೂ ಇಲ್ಲ. 2019ರಲ್ಲಿ ಮಾರಾಟವಾದ ಕೊನೆಯ ಓಮ್ನಿಗಳ ಕೆಳಗೆ ಇನ್‌ಸ್ಪೆಕ್ಟರ್ ಒಬ್ಬರು ಮೊದಲ ಸಲ ಬಗ್ಗಿ ನೋಡಬೇಕಾಗುವುದು 2034ರಲ್ಲಿ. ಅಷ್ಟರೊಳಗೆ ಕರಾವಳಿಯಲ್ಲಿ ಹದಿನೈದು ಮಳೆಗಾಲ ಆಗಿರುತ್ತದೆ.